ಗುಡ್ಡದ ಹಣ್ಣು, ಬಿಯರಿನ ಜಾಡಿ

ಕಳೆದ ಕವಳಿ ಸುಗ್ಗಿಯ ಕೊನೆಯಲ್ಲಿ ನಮ್ಮ ಬಳಗದ ಸಭೆಗೆ ವಿದ್ಯಾರ್ಥಿಯೊಬ್ಬ ಗಾಜಿನ ಜಾಡಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಿದ್ದ. ಗುಡ್ಡದ ಕೆಳಗಿನ ಊರಿನ ಹುಡುಗ; ಓದುವುದು ಬೆಂಗಳೂರಿನಲ್ಲಿ. ಜಾಡಿಯೊಳಗೆ ತಿಳಿಗೆಂಪು ದ್ರವ, ಅದರ ಮೇಲೆ ತೆಳುವಾದ ನೊರೆ. ಬಾರ್ಲಿಯಿಂದ ತಾನೇ ತಯಾರಿಸಿದ ಬಿಯರಿಗೆ ಕಪ್ಪತಗುಡ್ಡದ ಕವಳಿ ಹಣ್ಣನ್ನು ಬೆರೆಸಿದ್ದ. ಇನ್ನೊಂದು ಸಣ್ಣ ಶೀಷೆಯಲ್ಲಿ ನೇರಳೆ ಹಣ್ಣು ಮತ್ತು ಚಾಕಲೇಟು ಹಾಕಿದ ಕಪ್ಪು ಬಿಯರ್ ಇತ್ತು. "ಇದು ನಮ್ಮ ಗುಡ್ಡದ ರುಚಿ. ಪಟ್ಟಣದವರು ಇದಕ್ಕೆ ನೂರಾರು ರೂಪಾಯಿ ಕೊಡುತ್ತಾರೆ" ಎಂದ. ಸಭೆಯಲ್ಲಿದ್ದ ತಾಯಂದಿರಲ್ಲಿ ಕೆಲವರು ಎದ್ದು ಹೊರಗೆ ಹೋದರು. ಹಿರಿಯರೊಬ್ಬರು ಮಾತ್ರ ಜಾಡಿಯ ಬಾಯಿಗೆ ಮೂಗು ಹಿಡಿದು, "ಇದು ಸಾರಾಯಿ ವಾಸನಿ ಅಲ್ಲಪಾ" ಎಂದರು.

ಆ ದಿನದ ಚರ್ಚೆ ಇನ್ನೂ ಮುಗಿದಿಲ್ಲ. ಪರಿಸರ ಪತ್ರಿಕೆಯಲ್ಲಿ ಮದ್ಯದ ಮಾತೇಕೆ ಎಂದು ನಮ್ಮವರೇ ಆಕ್ಷೇಪಿಸಿದ್ದಾರೆ. ಆದರೆ ಆ ಹುಡುಗ ಎತ್ತಿದ ಪ್ರಶ್ನೆ ಕೇವಲ ಮದ್ಯದ್ದಲ್ಲ. ಗುಡ್ಡದ ಹಣ್ಣು ಯಾರದು, ಅದಕ್ಕೆ ಬೆಲೆ ಬರುವುದು ಎಲ್ಲಿ ಎಂಬ ಪ್ರಶ್ನೆ ಅದು. ಹಾಗಾಗಿ ಮೌನವಾಗಿರುವುದಕ್ಕಿಂತ ಬರೆಯುವುದೇ ಲೇಸೆಂದು ತೀರ್ಮಾನಿಸಿದೆವು.

ಮೊದಲು ಜಾಡಿಯೊಳಗೆ ನಡೆಯುವುದೇನೆಂದು ತಿಳಿಯೋಣ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ಅದನ್ನು ಒಡೆದು ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ಇಟ್ಟರೆ ಕಾಳಿನ ಪಿಷ್ಟವು ಸಕ್ಕರೆಯಾಗಿ ಕರಗುತ್ತದೆ. ಆ ಸಿಹಿನೀರನ್ನು ಹಾಪ್ಸ್ ಎಂಬ ಕಹಿ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಹಾಕುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ನಮ್ಮ ಅವ್ವಂದಿರು ಅಂಬಲಿಯನ್ನು ಹುಳಿ ಬರಿಸುವುದೂ, ದೋಸೆಯ ಹಿಟ್ಟನ್ನು ಉಬ್ಬಿಸುವುದೂ ಇದೇ ಕುಲದ ವಿದ್ಯೆ. ಕಣ್ಣಿಗೆ ಕಾಣದ ಜೀವಿಗಳಿಂದ ಕೆಲಸ ಮಾಡಿಸಿಕೊಳ್ಳುವುದು ನಮ್ಮ ಅಡುಗೆಮನೆಗೆ ಹೊಸತಲ್ಲ.

ಹಣ್ಣಿನ ವಿಚಾರ ಬಂದಾಗ ಹೊಸಬರು ಮೋಸಹೋಗುತ್ತಾರೆ. ಸಿಹಿ ಹಣ್ಣು ಹಾಕಿದರೆ ಬಿಯರ್ ಸಿಹಿಯಾಗುತ್ತದೆಂದು ಎಣಿಸುತ್ತಾರೆ. ಆದರೆ ಹಣ್ಣಿನ ಸಕ್ಕರೆಯೂ ಯೀಸ್ಟಿಗೆ ಆಹಾರವೇ. ಅದು ಸಿಹಿಯನ್ನು ತಿಂದು ಮುಗಿಸಿ ಹುಳಿ, ಒಗರು, ವಾಸನೆಗಳನ್ನು ಮಾತ್ರ ಉಳಿಸುತ್ತದೆ. ನೇರಳೆಯ ಸಿಹಿ ಮಾಯವಾಗಿ, ನಾಲಿಗೆಯನ್ನು ಹಿಡಿಯುವ ಅದರ ಒಗರೇ ಎದ್ದು ನಿಲ್ಲುತ್ತದೆ. ಕವಳಿಗೆ ತನ್ನದೇ ಹುಳಿ ಇರುವುದರಿಂದ ಅದು ಹೆಚ್ಚು ಒಗ್ಗಿತೆಂದು ಹುಡುಗ ಹೇಳಿದ, ನಂಬಬಹುದಾದ ಮಾತು. ಬೆಲ್ಜಿಯಂ ದೇಶದಲ್ಲಿ ಹುಳಿ ಚೆರ್ರಿಯನ್ನು ಬಿಯರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕುವ ಹಳೆಯ ಪದ್ಧತಿಯಿದೆ. ಅಲ್ಲಿಯೂ ಆರಿಸಿಕೊಂಡದ್ದು ಹುಳಿ ಹಣ್ಣನ್ನೇ. ಮೊದಲ ಹುದುಗು ಇಳಿದ ಮೇಲೆಯೇ ಹಣ್ಣು ಹಾಕಬೇಕು, ಇಲ್ಲವಾದರೆ ಏಳುವ ಗಾಳಿಯ ಜೊತೆ ಪರಿಮಳವೂ ಹೊರಟುಹೋಗುತ್ತದೆ. ಹಣ್ಣಿನ ಸಿಪ್ಪೆಯ ಮೇಲೆ ಕಾಡು ಯೀಸ್ಟ್ ಇರುತ್ತದೆ, ಅದನ್ನು ಬಿಸಿ ಮಾಡದೆ ಹಾಕಿದರೆ ರುಚಿ ಎತ್ತ ಹೋಗುವುದೋ ಹೇಳಲಾಗದು. ಎಲ್ಲಕ್ಕಿಂತ ಅಪಾಯದ ತಪ್ಪು, ಸಕ್ಕರೆ ಪೂರ್ತಿ ಮುಗಿಯುವ ಮೊದಲೇ ಶೀಷೆಗೆ ತುಂಬಿ ಬಿರಡೆ ಹಾಕುವುದು. ಒಳಗೆ ಗಾಳಿ ಬೆಳೆದು ಗಾಜು ಸಿಡಿಯುತ್ತದೆ. ಮಕ್ಕಳು ಓಡಾಡುವ ಮನೆಯ ಮೂಲೆಯಲ್ಲಿ ಇದು ಆಟದ ವಸ್ತುವಲ್ಲ.

ಚಾಕಲೇಟಿನ ಕಥೆ ಬೇರೆ. ಅಂಗಡಿಯ ಚಾಕಲೇಟ್ ಬಿಲ್ಲೆಯನ್ನು ಹಾಗೆಯೇ ಹಾಕಿದರೆ ಅದರಲ್ಲಿರುವ ಕೋಕೋ ಕೊಬ್ಬು ಮೇಲೆ ತೇಲಿ ನೊರೆಯನ್ನು ಕೊಲ್ಲುತ್ತದೆ. ನಮ್ಮ ವಿದ್ಯಾರ್ಥಿಯ ಶೀಷೆಯಲ್ಲಿ ನೊರೆ ಇಲ್ಲದಿರಲು ಅದೇ ಕಾರಣ. ಬಲ್ಲವರು ಹುರಿದ ಕೋಕೋ ಬೀಜದ ನುಚ್ಚನ್ನು ಕೊನೆಯ ಹಂತದಲ್ಲಿ ನೆನೆಹಾಕುತ್ತಾರೆ. ಇನ್ನು ಕೆಲವು ಕಪ್ಪು ಬಿಯರುಗಳಲ್ಲಿ ಕೋಕೋ ಹೆಸರಿಗೂ ಇರುವುದಿಲ್ಲ. ಕಪ್ಪಾಗುವವರೆಗೆ ಹುರಿದ ಮಾಲ್ಟೇ ಆ ವಾಸನೆಯನ್ನು ಕೊಡುತ್ತದೆ. ಒಂದು ಸ್ವಾರಸ್ಯದ ಸಂಗತಿಯುಂಟು. ಮಧ್ಯ ಅಮೆರಿಕದ ಹೊಂಡುರಾಸ್ ದೇಶದಲ್ಲಿ ಮೂರು ಸಾವಿರ ವರ್ಷಗಳಷ್ಟು ಹಳೆಯ ಮಡಕೆ ಚೂರುಗಳಲ್ಲಿ ಕೋಕೋದ ಅಂಶ ಸಿಕ್ಕಿದ್ದನ್ನು ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದರು. ಅಲ್ಲಿನ ಜನ ಮೊದಲು ಕುಡಿದದ್ದು ಕೋಕೋ ಹಣ್ಣಿನ ತಿರುಳನ್ನು ಹುಳಿ ಬರಿಸಿದ ಪಾನೀಯವನ್ನು, ಬೀಜದ ರುಚಿ ಆಮೇಲೆ ತಿಳಿಯಿತು ಎಂಬುದು ಅವರ ಊಹೆ. ಹಾಗಾದರೆ ಬಿಯರಿಗೆ ಚಾಕಲೇಟು ಬಂದದ್ದಲ್ಲ, ಬಿಯರಿನಂಥ ಪಾನೀಯದಿಂದಲೇ ಚಾಕಲೇಟು ಹುಟ್ಟಿತು ಎಂದಾಯಿತು!

ಅಷ್ಟು ದೂರ ಏಕೆ, ನಮ್ಮ ರಾಜ್ಯದ ಪುತ್ತೂರಿನಲ್ಲಿಯೇ ಚಾಕಲೇಟು ಕಾರ್ಖಾನೆಯಿದೆ. ಕೋಕೋ ಬೆಲೆ ಕುಸಿದು ಕೊಳ್ಳುವವರೇ ಇಲ್ಲದಾದಾಗ, 1973ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿದ್ದ ಕ್ಯಾಂಪ್ಕೋ ಸಹಕಾರ ಸಂಸ್ಥೆ ಕೋಕೋವನ್ನು ಕೊಳ್ಳಲು ಮುಂದಾಯಿತು. 1986ರಲ್ಲಿ ತನ್ನದೇ ಕಾರ್ಖಾನೆ ತೆರೆಯಿತು. ಬೀಜ ಮಾರುತ್ತಿದ್ದವರು ಚಾಕಲೇಟಿನ ಒಡೆಯರಾದರು. ನಮ್ಮ ಹುಡುಗನ ಶೀಷೆಯಿಂದ ನಾವು ಕಲಿಯಬೇಕಾದ ಪಾಠವಿದ್ದರೆ ಅದು ನೊರೆಯಲ್ಲಿಲ್ಲ, ಇಲ್ಲಿದೆ. ರುಚಿ ಸೇರಿಸುವ ಹಂತ ಯಾರ ಕೈಯಲ್ಲಿರುತ್ತದೆಯೋ ಹಣವೂ ಅವರ ಕೈಯಲ್ಲಿರುತ್ತದೆ. ಬೆಂಗಳೂರಿನಲ್ಲಿ 2010ರ ನಂತರ ತಲೆಯೆತ್ತಿದ ಕಿರು ಬಿಯರ್ ತಯಾರಿಕಾ ಮನೆಗಳಲ್ಲಿ ಮಾವು, ಬೆಲ್ಲ, ಕಾಫಿ ಬೆರೆಸಿದ ಬಿಯರಿನ ಒಂದು ಲೋಟಕ್ಕೆ ನೂರಾರು ರೂಪಾಯಿ. ಅದೇ ಡಂಬಳದ ದಾರಿಯಲ್ಲಿ ಕವಳಿ ಹಣ್ಣನ್ನು ಎಲೆಯ ಕೊಟ್ಟೆಯಲ್ಲಿ ಹಿಡಿದು ಬಸ್ಸಿನ ಕಿಟಕಿಗೆ ಕೈಚಾಚುವ ಮಗುವಿಗೆ ಸಿಗುವುದು ಚಿಲ್ಲರೆ.

ಹುಡುಗನಿಗೆ ಇನ್ನೊಂದು ಆಸೆಯಿತ್ತು. ಬಾರ್ಲಿ ರಾಜಸ್ಥಾನ, ಉತ್ತರ ಪ್ರದೇಶಗಳ ಬೆಳೆ. ಅದನ್ನು ಬಿಟ್ಟು ಲಕ್ಷ್ಮೇಶ್ವರ, ಶಿರಹಟ್ಟಿಯ ಹೊಲಗಳ ಜೋಳದಿಂದಲೇ ಮಾಲ್ಟ್ ಮಾಡಬಾರದೇಕೆ ಎಂದು ಕೇಳಿದ. ಮಾಡಬಹುದು. ಆಫ್ರಿಕಾದ ಹಳ್ಳಿಗಳಲ್ಲಿ ಹೆಂಗಸರು ತಲೆತಲಾಂತರದಿಂದ ಜೋಳದ ಬಿಯರ್ ಮಾಡುತ್ತ ಬಂದಿದ್ದಾರೆ. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿದಾಗ ಅಲ್ಲಿನ ದೊಡ್ಡ ಕಾರ್ಖಾನೆಗಳೂ ಜೋಳಕ್ಕೆ ತಿರುಗಿದವು. ಆದರೆ ಎಳೆ ಜೋಳ ಮೇಯ್ದ ದನ ಏಕೆ ಉರುಳಿ ಬೀಳುತ್ತದೆಂಬುದು ನಮ್ಮ ರೈತರಿಗೆಲ್ಲ ಗೊತ್ತು. ಆ ಸಯನೈಡ್ ವಿಷ ಕಾಳಿನ ಮೊಳಕೆಯಲ್ಲಿಯೂ ಹುಟ್ಟುತ್ತದೆ. ಮೊಳಕೆ ಬಂದ ಜೋಳವನ್ನು ಚೆನ್ನಾಗಿ ಒಣಗಿಸಿ, ಉಜ್ಜಿ, ಬೇರು-ಚಿಗುರುಗಳನ್ನು ಪೂರ್ತಿ ತೆಗೆಯದೆ ಬಳಸಬಾರದು. ಬಾರ್ಲಿಯ ಪಾಕಕ್ರಮವನ್ನು ಓದಿಕೊಂಡು ಜೋಳದ ಮೇಲೆ ಪ್ರಯೋಗಿಸುವವರು ಇದನ್ನು ಮರೆಯದಿರಲಿ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಆಕ್ಷೇಪವನ್ನೂ ಹೇಳಬೇಕಾಗಿದೆ. ಕವಳಿ ಬಂದದ್ದು ಎಲ್ಲಿಂದ? ಹೊಲದ ಬದುವಿನಿಂದಲ್ಲ, ಗುಡ್ಡದಿಂದ. ಕಪ್ಪತಗುಡ್ಡಕ್ಕೆ 2015ರಲ್ಲಿ ದೊರೆತ ಸಂರಕ್ಷಿತ ಪ್ರದೇಶದ ಮಾನ್ಯತೆಯನ್ನು 2016ರಲ್ಲಿ ಹಿಂತೆಗೆದುಕೊಂಡಾಗ ಗದಗ, ಮುಂಡರಗಿ, ಶಿರಹಟ್ಟಿಯ ಜನ ಬೀದಿಗಿಳಿದರು. 2017ರಲ್ಲಿ ಅದು ಮರಳಿತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಸುಮಾರು 244 ಚದರ ಕಿಲೋಮೀಟರ್ ವಿಸ್ತೀರ್ಣದ ಈ ಧಾಮಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಧಾಮದ ಅರಣ್ಯ ಉತ್ಪನ್ನವನ್ನು ಸುತ್ತಲಿನ ಜನರ ಸ್ವಂತ ಅಗತ್ಯಕ್ಕೆ ಅನುಮತಿಯ ಮೇರೆಗೆ ಬಳಸಬಹುದೇ ಹೊರತು ವ್ಯಾಪಾರಕ್ಕಲ್ಲ ಎಂಬುದು ಅದರ ಆಶಯ. ಚಿನ್ನಕ್ಕಾಗಿ ಅಗೆಯಲು ಬಂದವರಿಗೆ ನಾವು ತೋರಿಸಿದ ಕಾನೂನು ಹಣ್ಣಿಗಾಗಿ ಹೋಗುವ ನಮಗೂ ಅನ್ವಯಿಸಬೇಕಲ್ಲವೆ?

ಕಾನೂನಿನ ಮಾತು ಹಾಗಿರಲಿ. ಐದು ಲೀಟರ್ ಜಾಡಿಗೆ ಒಂದೆರಡು ಕಿಲೋ ಹಣ್ಣು ಸಾಕು. ಅದರಿಂದ ಗುಡ್ಡ ಬರಿದಾಗದು. ಆದರೆ ಪಟ್ಟಣದಿಂದ ಬೇಡಿಕೆ ಬಂದರೆ ಜಾಡಿಯ ಲೆಕ್ಕ ಟೆಂಪೋ ಲೆಕ್ಕವಾಗಲು ಎರಡು ಹಂಗಾಮು ಬೇಡ. ಔಷಧಿ ಬೇರುಗಳ ವಿಷಯದಲ್ಲಿ ಇದನ್ನು ಕಂಡವರು ನಾವು. ಬೇಸಿಗೆಯ ಕೊನೆಯಲ್ಲಿ, ನೀರು ಬತ್ತಿರುವಾಗ, ಪಿಕಳಾರ ಹಕ್ಕಿಗೂ ನರಿಗೂ ಗಂಟಲು ತೋಯಿಸುವುದು ಕವಳಿ. ಚಳಿಗಾಲದಲ್ಲಿ ಬಾರಿ ಹಣ್ಣು. ತಿಂದ ನರಿ ಬೀಜವನ್ನು ಗುಡ್ಡದ ಆಚೆ ಬದಿಗೆ ಒಯ್ದು ಹಾಕುತ್ತದೆ. ಕುದಿಸಿದ ಹಣ್ಣಿನ ಬೀಜ ಎಲ್ಲಿಯೂ ಮೊಳೆಯುವುದಿಲ್ಲ.

ಇನ್ನು ಎದ್ದು ಹೋದ ತಾಯಂದಿರ ವಿಚಾರ. ಅವರನ್ನು ಅಜ್ಞಾನಿಗಳೆಂದು ಬಗೆಯುವ ತಪ್ಪನ್ನು ವಿದ್ಯಾವಂತರು ಮಾಡಬಾರದು. ಬಿಳಿಜಾಲಿಯ ತೊಗಟೆಯನ್ನು ಕೆತ್ತಿ, ಬೆಲ್ಲದ ಜೊತೆ ಕೊಳೆಹಾಕಿ ಸಾರಾಯಿ ಇಳಿಸುವುದು ದಖ್ಖನ್ ಪ್ರದೇಶದ ಹಳೆಯ ರೂಢಿ. ಆ ಮರಕ್ಕೆ ಇಂಗ್ಲಿಷಿನವರು ಸಾರಾಯಿ ಇಳಿಸುವವರ ಜಾಲಿ ಎಂದೇ ಹೆಸರಿಟ್ಟಿದ್ದಾರೆ. ಅಂದರೆ ಕುಡಿತಕ್ಕೆ ಗುಡ್ಡದ ರುಚಿ ಸೇರಿಸುವುದು ನಮ್ಮ ಹುಡುಗ ಕಂಡುಹಿಡಿದದ್ದಲ್ಲ. ಆ ರುಚಿಗೆ ಮರವೂ ಸುಲಿಯಿತು, ಮನೆಯೂ ಸುಲಿಯಿತು. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದರೂ ಮರುವರ್ಷವೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ನೆರೆಯ ಕೃಷ್ಣಗಿರಿ ಭಾಗಗಳಲ್ಲಿ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಜನ ಬಲಿಯಾದರು. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಹೋದರು. ಬಿಯರ್ ಹುದುಗಿಸಿದ್ದು, ಭಟ್ಟಿ ಇಳಿಸಿದ್ದಲ್ಲ, ಅದರ ಅಮಲು ನೂರಕ್ಕೆ ನಾಲ್ಕೈದು ಪಾಲು ಮಾತ್ರ ಎಂದು ಹುಡುಗ ವಾದಿಸಿದ. ವಿಜ್ಞಾನದ ದೃಷ್ಟಿಯಿಂದ ಸರಿ. ಆದರೆ ಸಂಜೆ ಬಾಗಿಲಲ್ಲಿ ಕಾಯುವವಳಿಗೆ ಈ ಶೇಕಡಾ ಲೆಕ್ಕ ಸಮಾಧಾನ ಕೊಡುವುದಿಲ್ಲ. ಇದಲ್ಲದೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದು, ಮನೆಬಳಕೆಗೆ ಎಂದರೂ, ಅಪರಾಧ. ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು. ಪಟ್ಟಣದ ಪರವಾನಗಿದಾರ ಮಾಡಿದರೆ ಉದ್ಯಮ, ಹಳ್ಳಿಯ ಹುಡುಗ ಮಾಡಿದರೆ ಅಪರಾಧ ಎಂಬ ಅಸಮಾಧಾನ ನಮಗೂ ಇದೆ. ಆದರೂ ಅಪಾಯಕ್ಕೆ ಮೊದಲು ಸಿಕ್ಕಿಬೀಳುವವನು ಹಳ್ಳಿಯ ಹುಡುಗನೇ.

ಬಳಗದಲ್ಲಿ ಒಮ್ಮತವಾದದ್ದು ಇಷ್ಟು. ಗುಡ್ಡದ ಹಣ್ಣನ್ನು ಯಾವ ಬಗೆಯ ಪಾನೀಯದ ವ್ಯಾಪಾರಕ್ಕೂ ಕೊಡಕೂಡದು. ಬೇಕಾದವರು ಕವಳಿ, ನೇರಳೆ, ಸೀತಾಫಲಗಳನ್ನು ತಮ್ಮ ಬದುಗಳಲ್ಲಿ ಬೆಳೆಯಲಿ. ಕವಳಿಯ ಮುಳ್ಳು ದನಕ್ಕೆ ಬೇಲಿಯೂ ಆದೀತು. ಬದುವಿನ ಹಣ್ಣಿನ ತಿರುಳು ತೆಗೆದು ಶರಬತ್ತು, ಉಪ್ಪಿನಕಾಯಿ, ಮುರಬ್ಬ ಮಾಡುವ ಕೆಲಸ ಹಳ್ಳಿಯ ಸಹಕಾರ ಸಂಘದ ಕೈಯಲ್ಲಿರಲಿ. ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದ ಸಹಕಾರ ಸಂಘ 1905ರಲ್ಲಿ ಸಿದ್ದನಗೌಡ ಪಾಟೀಲರಿಂದ ಹುಟ್ಟಿದ್ದು ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. ಪುತ್ತೂರಿನವರಿಗೆ ಸಾಧ್ಯವಾದದ್ದು ಕಣಗಿನಹಾಳದ ನೆರೆಯವರಿಗೆ ಏಕೆ ಆಗದು? ತಿರುಳನ್ನು ಪರವಾನಗಿ ಪಡೆದ ಬಿಯರ್ ತಯಾರಕರಿಗೆ ಮಾರಬೇಕೇ ಎಂಬಲ್ಲಿ ಮಾತ್ರ ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ. ಯುವಕರು ಮಾರಬೇಕೆನ್ನುತ್ತಾರೆ, ತಾಯಂದಿರು ಒಪ್ಪಿಲ್ಲ. ಅವರ ಒಪ್ಪಿಗೆಯಿಲ್ಲದೆ ಆ ದಾರಿ ಹಿಡಿಯುವುದು ತರವಲ್ಲವೆಂಬುದು ಈ ಲೇಖಕನ ಮತ.

ಜಾಡಿ ತಂದ ಹುಡುಗ ಈಗ ಕವಳಿಯಿಂದ ವಿನೆಗರ್ ಮಾಡುವ ಪ್ರಯತ್ನದಲ್ಲಿದ್ದಾನೆ. ಅದೂ ಹುದುಗಿನದೇ ವಿದ್ಯೆ, ಇನ್ನೊಂದು ಹೆಜ್ಜೆ ಮುಂದೆ. ಅದಕ್ಕೆ ಬೇಕಾದ ಹಣ್ಣು ಬದುವಿನಿಂದ ಬರಲು ಇನ್ನೂ ಮೂರು-ನಾಲ್ಕು ವರ್ಷ ಬೇಕು. ಕವಳಿ ಬೀಜ ಬೇಗನೆ ಜೀವ ಕಳೆದುಕೊಳ್ಳುತ್ತದೆ, ಕಟ್ಟಿಟ್ಟರೆ ಹುಟ್ಟದು. ಆದ್ದರಿಂದ ಬರುವ ಸುಗ್ಗಿಯಲ್ಲಿ ಹಣ್ಣು ತಿಂದವರು ಬೀಜವನ್ನು ಉಗುಳದೆ ತೊಳೆದು, ನೆರಳಲ್ಲಿ ಆರಿಸಿ, ಅದೇ ವಾರ ಮಣ್ಣು-ಗೊಬ್ಬರ ತುಂಬಿದ ಚೀಲಗಳಲ್ಲಿ ಊರಿಡಬೇಕೆಂದು ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಭಾಗದ ಶಾಲೆಗಳ ಮಕ್ಕಳನ್ನು ಕೋರುತ್ತೇವೆ. ಸಸಿಗಳು ಒಂದು ಮಳೆಗಾಲ ಚೀಲದಲ್ಲಿಯೇ ಬೆಳೆಯಲಿ. ಮರುವರ್ಷದ ಮುಂಗಾರಿಗೆ ಬದುವಿಗೆ ಹೋಗಲಿ.