ಕೈಕಾಲು ನೆಟ್ಟಗಿದ್ದವರ ಕಾಯಿಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಮಾನ್ಯ ಜಿಲ್ಲಾಧಿಕಾರಿಯವರಿಗೆ,
ದಕ್ಷಿಣ ಕನ್ನಡ ಜಿಲ್ಲೆ, ಮಂಗಳೂರು

ವಿಷಯ: ಎಂಡೋಸಲ್ಫಾನ್ ಬಾಧಿತ ಗ್ರಾಮಗಳಲ್ಲಿ ಹಾರ್ಮೋನ್ ತಪಾಸಣೆ, ಚಿಕಿತ್ಸೆ ಹಾಗೂ ಮಣ್ಣು, ನೀರಿನ ಪರೀಕ್ಷೆ ಕೋರಿ ಮನವಿ.

ಮಾನ್ಯರೇ,

ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಿನ ಗೇರುತೋಟಗಳ ಬದಿಯಲ್ಲಿ ಬಾಳುವ ತಾಯಂದಿರು ನಾವು. 1980ರ ದಶಕದಿಂದ ಸುಮಾರು 20 ವರ್ಷ ಗೇರಿಗೆ ಬೀಳುವ ಟೀ ಸೊಳ್ಳೆ ಕೀಟದ ಕಾಟ ತಡೆಯಲೆಂದು ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು. ಆಗ ನಾವು ಶಾಲೆಯ ಮಕ್ಕಳು. ಸದ್ದು ಕೇಳಿದ್ದೇ ಅಂಗಳಕ್ಕೆ ಓಡುತ್ತಿದ್ದೆವು. ಹನಿ ನಮ್ಮ ತಲೆಗೂ ಬೀಳುತ್ತಿತ್ತು, ತೆರೆದ ಬಾವಿಗೂ ಬಸಳೆ ಚಪ್ಪರಕ್ಕೂ ಬೀಳುತ್ತಿತ್ತು. ರಾತ್ರಿ ಊಟಕ್ಕೆ ಅದೇ ಬಸಳೆಯ ಪದಾರ್ಥ.

2011ರ ಮೇ 13ರಂದು ಸುಪ್ರೀಂ ಕೋರ್ಟ್ ಈ ವಿಷದ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. ಬಾಧಿತರಿಗೆ ಮಾಸಾಶನ ಬಂತು, ಕೊಕ್ಕಡ, ಕೊಯಿಲಗಳಲ್ಲಿ ಪಾಲನಾ ಕೇಂದ್ರಗಳಾದವು. ಅದಕ್ಕಾಗಿ ಕೃತಜ್ಞರು. ಆದರೆ ನೆರವನ್ನು ಅಳೆಯುವುದು ಅಂಗವೈಕಲ್ಯದ ಶೇಕಡಾವಾರು ಲೆಕ್ಕದಲ್ಲಿ. ಎಂಡೋಸಲ್ಫಾನ್ ಆದರೋ ಹಾರ್ಮೋನ್ ವ್ಯವಸ್ಥೆಯನ್ನೇ ಕೆಡಿಸುವ ರಾಸಾಯನಿಕ. ದೇಹದಲ್ಲಿ ಹಾರ್ಮೋನುಗಳು ಕೆಲಸ ಮಾಡುವುದೇ ಅತ್ಯಲ್ಪ ಪ್ರಮಾಣದಲ್ಲಿ. ಹಾಗಾಗಿ ‘ಬಿದ್ದದ್ದು ಸ್ವಲ್ಪ’ ಎಂಬ ಮಾತು ನಮಗೆ ಸಮಾಧಾನ ತರುವುದಿಲ್ಲ. ಹದಿನೇಳು ತುಂಬಿದರೂ ದೊಡ್ಡವಳಾಗದ ಮಗಳನ್ನು ನಮ್ಮಲ್ಲೊಬ್ಬರು ತಪಾಸಣಾ ಶಿಬಿರಕ್ಕೆ ಕರೆದೊಯ್ದಾಗ, ‘ಕೈಕಾಲು ಸರಿ ಇದೆಯಲ್ಲ’ ಎಂದು ಚೀಟಿ ಹಿಂದಿರುಗಿಸಿದರು. ಆ ಹುಡುಗಿ ಮನೆ ಮುಟ್ಟುವವರೆಗೂ ತಲೆಯೆತ್ತಲಿಲ್ಲ.

ಗಡಿಯಾಚೆ, ಕಾಸರಗೋಡಿನ ಪಡ್ರೆಯ 117 ಹುಡುಗರನ್ನು ಸಿಂಪಡಣೆ ಇಲ್ಲದ ಊರಿನ 90 ಹುಡುಗರೊಂದಿಗೆ ಹೋಲಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಈ ವಿಷದಿಂದ ಹುಡುಗರ ಪ್ರೌಢಾವಸ್ಥೆ ತಡವಾಗಬಹುದು, ಲೈಂಗಿಕ ಹಾರ್ಮೋನಿನ ಉತ್ಪತ್ತಿಗೆ ಅಡ್ಡಿಯಾಗಬಹುದು ಎಂದು ಅದು ಹೇಳಿತು. ಆ ಅಧ್ಯಯನದಲ್ಲಿ ಹುಡುಗಿಯರಿರಲಿಲ್ಲ. ನಮ್ಮ ಹೆಣ್ಣುಮಕ್ಕಳನ್ನು ನೋಡುವವರು ಯಾರು?

ಆದ್ದರಿಂದ, ಹಾರ್ಮೋನ್ ತಜ್ಞ ವೈದ್ಯರು ತಿಂಗಳಿಗೊಮ್ಮೆ ಕೊಕ್ಕಡಕ್ಕೆ ಬರುವಂತೆ ಆದೇಶಿಸಬೇಕು. ಹತ್ತು ವರ್ಷ ದಾಟಿದ ಗಂಡು, ಹೆಣ್ಣುಮಕ್ಕಳಿಗೂ ಸಿಂಪಡಣೆಯ ಕಾಲದಲ್ಲಿ ಬೆಳೆದ ನಮಗೂ ಥೈರಾಯ್ಡ್ ಸೇರಿದಂತೆ ರಕ್ತಪರೀಕ್ಷೆ ಉಚಿತವಾಗಿ ಆಗಬೇಕು. ತಡವಾದ ಋತುಸ್ರಾವ, ಬಂಜೆತನ, ಮತ್ತೆ ಮತ್ತೆ ಆಗುವ ಗರ್ಭಪಾತಗಳನ್ನು ಸಮೀಕ್ಷೆಯಲ್ಲಿ ದಾಖಲಿಸಬೇಕು. ತೋಟದ ತಗ್ಗಿನ ಬಾವಿಗಳ ನೀರು, ಮಣ್ಣು, ತೋಡಿನ ಕೆಸರನ್ನು ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಫಲಕಕ್ಕೆ ಹಾಕಬೇಕು.

ಒಂದನ್ನು ಮಾತ್ರ ಫಲಕಕ್ಕೆ ಹಾಕಬಾರದು: ನಮ್ಮ ಮಕ್ಕಳ ಹೆಸರು. ಹೆಸರು ಹೊರಬಿದ್ದರೆ ಮದುವೆಯ ಮಾತುಕತೆ ನಿಲ್ಲುತ್ತದೆ. ಆ ಹೆದರಿಕೆಗೇ ಎಷ್ಟೋ ಮಂದಿ ಇಂದು ನಮ್ಮೊಂದಿಗೆ ಸಹಿ ಹಾಕಿಲ್ಲ. ದಾಖಲೆ ವೈದ್ಯರ ಬಳಿಯೇ ಗುಟ್ಟಾಗಿರಲಿ ಎಂದು ಅವರ ಪರವಾಗಿಯೂ ಕೇಳಿಕೊಳ್ಳುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಬಾಧಿತ ಗ್ರಾಮಗಳ ತಾಯಂದಿರು