ಮೂರು ದಿನ, ಏಳು ದಿನ, ಆರು ವಾರ: ಬಾಣಂತನದ ಲೆಕ್ಕ ತಪ್ಪುತ್ತಿರುವುದು ಎಲ್ಲಿ?

ರಾಮನಾಥಪುರ (ಹಾಸನ ಜಿಲ್ಲೆ): ಸಹಜ ಹೆರಿಗೆಯಾದರೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ. ಸರಕಾರಿ ಆಸ್ಪತ್ರೆಗಳಲ್ಲಿ ಬಾಣಂತಿಗೆ ಉಚಿತ ಊಟ ಸಿಗುವ ಗರಿಷ್ಠ ಅವಧಿ ಇದು. 2011ರಲ್ಲಿ ಕೇಂದ್ರ ಸರಕಾರ ಜಾರಿಗೆ ತಂದ ಜನನಿ-ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಈ ಲೆಕ್ಕ ನಮೂದಾಗಿದೆ. ಎರಡು ಬಗೆಯ ಹೆರಿಗೆಗಳ ಚೇತರಿಕೆಯಲ್ಲಿ ಇರುವ ಅಂತರವನ್ನು ಸರಕಾರ ಅಂಕಿಯಲ್ಲಿ ಒಪ್ಪಿಕೊಂಡಿರುವುದು ಇಲ್ಲಿ. ಆದರೆ ಎಂಟನೆಯ ದಿನದಿಂದ ಆ ತಾಯಿಯ ಗತಿ ಏನು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ.

ಕಾವೇರಿ ದಂಡೆಯ ರಾಮನಾಥಪುರದಂಥ ಊರಿನಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ಅರಕಲಗೂಡು ತಾಲ್ಲೂಕಿನ ಈ ಭಾಗ ತಂಬಾಕಿನ ಸೀಮೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇರುವುದೂ ಇಲ್ಲಿಯೇ. ಮುಂಗಾರಿನ ಆರಂಭದಲ್ಲಿ ಸಸಿ ನಾಟಿ, ಅನಂತರ ಎಲೆ ಕೀಳುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್‌ಗೆ ಏರಿಸುವುದು, ಹದ ಮಾಡಿದ ಎಲೆ ವಿಂಗಡಿಸುವುದು. ಇವುಗಳಲ್ಲಿ ಬಹುಪಾಲು ಕೆಲಸ ಹೆಂಗಸರ ಕೈಯಲ್ಲಿ ನಡೆಯುತ್ತದೆ. ನೀರಿನ ಕೊಡ, ಹಸುವಿನ ಮೇವು, ಸೌದೆಯ ಹೊರೆ ಇದ್ದೇ ಇವೆ. ಇಂಥ ಬದುಕಿನಲ್ಲಿ ‘ಆರು ವಾರ ಭಾರ ಎತ್ತಬೇಡಿ’ ಎಂಬ ವೈದ್ಯರ ಸಲಹೆಯನ್ನು ಪಾಲಿಸುವುದು ಹೇಳಿದಷ್ಟು ಸುಲಭವಲ್ಲ.

ಏರುತ್ತಿರುವ ಪ್ರಮಾಣ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 2015-16ರಲ್ಲಿ ರಾಜ್ಯದ ಹೆರಿಗೆಗಳಲ್ಲಿ ಸಿಸೇರಿಯನ್ ಪ್ರಮಾಣ ಶೇ 23.6ರಷ್ಟಿತ್ತು. 2019-20ರ ಹೊತ್ತಿಗೆ ಅದು ಶೇ 31.5ಕ್ಕೆ ಏರಿತು. ಅದೇ ಸುತ್ತಿನ ಸಮೀಕ್ಷೆಯಲ್ಲಿ ದೇಶದ ಸರಾಸರಿ ಶೇ 21.5. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಶೇ 47.4ರಷ್ಟು ಹೆರಿಗೆಗಳು ಶಸ್ತ್ರಚಿಕಿತ್ಸೆಯಿಂದ ಆಗಿದ್ದರೆ, ಸರಕಾರಿ ಆಸ್ಪತ್ರೆಗಳಲ್ಲಿ ಈ ಪ್ರಮಾಣ ಶೇ 14.3 ಮಾತ್ರ. ಹೆಣ್ಣಿನ ದೇಹ ಒಂದೇ ಆಗಿರುವಾಗ, ಆಸ್ಪತ್ರೆಯ ಬಾಗಿಲು ಬದಲಾದೊಡನೆ ಪ್ರಮಾಣ ಮೂರು ಪಟ್ಟಿಗೂ ಮಿಗಿಲಾಗುವುದನ್ನು ವೈದ್ಯಕೀಯ ಕಾರಣಗಳಿಂದ ಮಾತ್ರ ವಿವರಿಸಲಾಗದು.

ಸಿಸೇರಿಯನ್ ಪ್ರಮಾಣ ಶೇ 10ನ್ನು ದಾಟಿದ ಮೇಲೆ ತಾಯಂದಿರ ಮತ್ತು ನವಜಾತ ಶಿಶುಗಳ ಮರಣ ದರ ಅದರಿಂದಾಗಿ ಇನ್ನಷ್ಟು ಇಳಿಯುವುದು ಕಂಡುಬಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಆದರೆ ಇಂತಿಷ್ಟೇ ಪ್ರಮಾಣ ಸಾಧಿಸಬೇಕೆಂಬುದು ಗುರಿಯಾಗಬಾರದು, ಅಗತ್ಯವಿರುವ ಪ್ರತಿ ಹೆಣ್ಣಿಗೂ ಶಸ್ತ್ರಚಿಕಿತ್ಸೆ ಸಿಗುವುದೇ ಗುರಿಯಾಗಬೇಕು ಎಂದೂ ಅದೇ ಹೇಳಿಕೆ ಸ್ಪಷ್ಟಪಡಿಸಿತ್ತು. ಮಗು ಅಡ್ಡಲಾಗಿ ನಿಂತಾಗ, ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿದಾಗ, ಮಗುವಿನ ಹೃದಯ ಬಡಿತ ಕುಸಿದಾಗ ಸಿಸೇರಿಯನ್ ಜೀವ ಉಳಿಸುವ ಚಿಕಿತ್ಸೆ. ಹಾಸನ ನಗರದಿಂದ ದೂರದಲ್ಲಿರುವ ಇಂಥ ಊರುಗಳಲ್ಲಿ ಅದು ತಡವಾಗಿ ಸಿಗುವುದೂ, ಅನಗತ್ಯವಾಗಿ ಸಿಗುವುದರಷ್ಟೇ ದೊಡ್ಡ ಸಮಸ್ಯೆ.

ಚೇತರಿಕೆ ಹೇಗೆ ಭಿನ್ನ?

ಸಹಜ ಹೆರಿಗೆಯಾದ ತಾಯಿ ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಎದ್ದು ಓಡಾಡುತ್ತಾಳೆ. ತೊಡಕಿಲ್ಲದಿದ್ದರೆ 48 ಗಂಟೆಗಳ ನಿಗಾ ಸಾಕು. ಯೋನಿಯ ಬಳಿ ಹಾಕಿದ ಹೊಲಿಗೆ ಎರಡು-ಮೂರು ವಾರಗಳಲ್ಲಿ ಮಾಯುತ್ತದೆ. ಕೂರುವಾಗ, ಮೂತ್ರ ಮಾಡುವಾಗ ಉರಿ ಇರುತ್ತದೆ. ಕೆಮ್ಮಿದಾಗ, ಸೀನಿದಾಗ ಮೂತ್ರ ಜಿನುಗುವುದು ಹಾಗೂ ವರ್ಷಗಳ ಅನಂತರ ಗರ್ಭಕೋಶ ಜಾರುವ ಸಾಧ್ಯತೆ ಸಹಜ ಹೆರಿಗೆಯಾದವರಲ್ಲಿಯೇ ಹೆಚ್ಚು. ಸಂಕೋಚದಿಂದ ಹೆಂಗಸರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ‘ಸಹಜ’ ಎಂಬ ಪದ ಈ ನೋವನ್ನು ಮರೆಮಾಚಿಬಿಡುತ್ತದೆ.

ಸಿಸೇರಿಯನ್ ಹೊಟ್ಟೆಯ ಹಲವು ಪದರಗಳನ್ನು ಸೀಳಿ ಮಾಡುವ ದೊಡ್ಡ ಶಸ್ತ್ರಚಿಕಿತ್ಸೆ. ರಕ್ತ ಹೆಪ್ಪುಗಟ್ಟುವ ಅಪಾಯ ತಪ್ಪಿಸಲು ಸಾಧ್ಯವಾದಷ್ಟು ಬೇಗ, ಸಾಮಾನ್ಯವಾಗಿ ಮೊದಲ ದಿನವೇ, ತಾಯಿಯನ್ನು ಎಬ್ಬಿಸಿ ನಡೆಸುತ್ತಾರೆ. ಹೊರಗಿನ ಗಾಯ ಒಂದೆರಡು ವಾರಗಳಲ್ಲಿ ಕೂಡಿಕೊಂಡಂತೆ ಕಂಡರೂ ಒಳಪದರಗಳು ಗಟ್ಟಿಯಾಗಲು ಆರು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕು. ಅಲ್ಲಿಯವರೆಗೆ ಮಗುವಿಗಿಂತ ಹೆಚ್ಚಿನ ಭಾರ ಎತ್ತುವಂತಿಲ್ಲ. ಸೋಂಕು ಮತ್ತು ರಕ್ತಸ್ರಾವದ ಅಪಾಯವೂ ಅಧಿಕ. ಎದೆಹಾಲು ಕುಡಿಸಲು ತೊಡಗುವುದು ತಡವಾಗಬಹುದು. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದ ಗುರುತಿಗೇ ಅಂಟಿಕೊಳ್ಳುವ ಅಪಾಯ ಪ್ರತಿ ಸಿಸೇರಿಯನ್ ಬಳಿಕ ಏರುತ್ತ ಹೋಗುತ್ತದೆ. ಹಾಗೆಂದು ‘ಒಮ್ಮೆ ಸಿಸೇರಿಯನ್ ಆದರೆ ಯಾವಾಗಲೂ ಸಿಸೇರಿಯನ್’ ಎಂಬ ನಂಬಿಕೆ ಸರಿಯಲ್ಲ. ಸೂಕ್ತ ಆಯ್ಕೆ ಹಾಗೂ ತುರ್ತು ಶಸ್ತ್ರಚಿಕಿತ್ಸೆಯ ವ್ಯವಸ್ಥೆ ಇದ್ದಲ್ಲಿ ಅನೇಕರಿಗೆ ಎರಡನೆಯ ಹೆರಿಗೆ ಸಹಜವಾಗಿಯೇ ಆಗುತ್ತದೆ.

ಈ ಹೋಲಿಕೆಯನ್ನು ಗೋಜಲಾಗಿಸುವ ಇನ್ನೊಂದು ಅಂಶವೂ ಇದೆ. 2019-20ರ ಸಮೀಕ್ಷೆಯಂತೆ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಶೇ 57.4ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಸಹಜ ಹೆರಿಗೆಯ ಬೆನ್ನಿಗೇ ಈ ಶಸ್ತ್ರಚಿಕಿತ್ಸೆಯಾದರೆ ಆ ತಾಯಿಯ ಹೊಟ್ಟೆಯ ಮೇಲೂ ಗಾಯವಿರುತ್ತದೆ. ದಾಖಲೆಯಲ್ಲಿ ಅವಳದು ‘ನಾರ್ಮಲ್’. ವಿಶ್ರಾಂತಿ ಬೇಕಾದ ಲೆಕ್ಕದಲ್ಲಿ ಅಲ್ಲ.

ಮನೆಯೊಳಗಿನ ಬಾಣಂತನ

ಹಳೆಯ ಬಾಣಂತನದ ಪದ್ಧತಿ ತಾಯಿಗೆ ಕೊಟ್ಟಿದ್ದ ದೊಡ್ಡ ಉಡುಗೊರೆ ತವರಿನ ವಿಶ್ರಾಂತಿ. ಮೂರು ತಿಂಗಳೋ ಐದು ತಿಂಗಳೋ ಅವಳ ಕೈಗೆ ಪೊರಕೆ ಬರುತ್ತಿರಲಿಲ್ಲ. ಆದರೆ ಅದೇ ಪದ್ಧತಿಯ ಕೆಲವು ಆಚಾರಗಳು ಹೊಲಿಗೆ ಹಾಕಿದ ಹೊಟ್ಟೆಗೆ ಹೊಂದುವುದಿಲ್ಲ. ಸುಡುನೀರನ್ನು ಗಾಯದ ಮೇಲೆ ಹೊಯ್ಯುವುದು, ಗಾಯಕ್ಕೆ ಎಣ್ಣೆ ತಿಕ್ಕುವುದು, ಕುಡಿಯುವ ನೀರನ್ನು ಕಡಿಮೆ ಮಾಡುವುದು, ಪಥ್ಯದ ಹೆಸರಿನಲ್ಲಿ ಸೊಪ್ಪು-ಹಣ್ಣು ಬಿಡಿಸುವುದು ಹಾನಿಕರ. ರಾಜ್ಯದ ಗರ್ಭಿಣಿಯರಲ್ಲಿ ಶೇ 45.7ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಅದೇ ಸಮೀಕ್ಷೆ ಹೇಳುತ್ತದೆ. ರಕ್ತವಿಲ್ಲದ ದೇಹದಲ್ಲಿ ಗಾಯ ಮಾಯುವುದು ನಿಧಾನ, ಅದು ಯಾವ ಬಗೆಯ ಹೆರಿಗೆಯೇ ಆಗಿರಲಿ.

ಇಂದು ವಿಶ್ರಾಂತಿ ಮೊಟಕಾಗಿದೆ, ಆಚಾರ ಉಳಿದಿದೆ. ಸಂಘಟಿತ ವಲಯದ ಉದ್ಯೋಗಸ್ಥೆಗೆ 2017ರ ತಿದ್ದುಪಡಿಯ ಪ್ರಕಾರ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ಉಂಟು. ಬ್ಯಾರನ್ ಮುಂದೆ ಎಲೆ ಕಟ್ಟುವ ಕೂಲಿಗೆ ಅಂಥ ರಜೆ ಇಲ್ಲ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಡಿ ಮೊದಲ ಮಗುವಿಗೆ ದೊರೆಯುವುದು ಒಟ್ಟು ರೂ 5,000. ಹೆರಿಗೆ ಯಾವ ಬಗೆಯದಾದರೂ ಮೊತ್ತ ಅಷ್ಟೇ.

ಆಶಾ ಕಾರ್ಯಕರ್ತೆಯ ಮನೆ ಭೇಟಿಯ ವ್ಯವಸ್ಥೆ ಈ ಕೊರತೆಯನ್ನು ತುಂಬಬೇಕಿತ್ತು. ನಿಯಮದಂತೆ ಆಸ್ಪತ್ರೆಯಲ್ಲಿ ಸಹಜ ಹೆರಿಗೆಯಾದರೆ 3ನೇ ದಿನದಿಂದ 42ನೇ ದಿನದವರೆಗೆ ಆರು ಭೇಟಿಗಳು. ಸಿಸೇರಿಯನ್ ಆದರೆ 7ನೇ ದಿನದಿಂದ ಐದು. ಹೆಚ್ಚು ಆರೈಕೆ ಬೇಕಾದ ತಾಯಿಗೆ ಮನೆಯಲ್ಲಿ ಒಂದು ಭೇಟಿ ಕಡಿಮೆ! ಆಕೆ ಆಸ್ಪತ್ರೆಯಲ್ಲಿಯೇ ಇರುತ್ತಾಳೆಂಬ ಊಹೆ ಇದರ ಹಿಂದಿದೆ. ಹಾಸಿಗೆಯ ಕೊರತೆಯಿಂದಲೋ, ಮನೆಯವರ ಅವಸರದಿಂದಲೋ ಆಕೆ ನಾಲ್ಕನೆಯ ದಿನವೇ ಹೊರಟರೆ ನಡುವಿನ ದಿನಗಳಲ್ಲಿ ಗಾಯ ನೋಡುವವರಿಲ್ಲ.

ಬಳ್ಳಾರಿಯ ಪಾಠ

ಈ ನಡುವಿನ ದಿನಗಳು ಎಷ್ಟು ನಾಜೂಕಾದವು ಎಂಬುದನ್ನು 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್‌ಗೆ ಒಳಗಾದ ಬಾಣಂತಿಯರ ಸರಣಿ ಸಾವು ತೋರಿಸಿತು. ಬಳಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಬಗ್ಗೆ ಆಗ ಗಂಭೀರ ಪ್ರಶ್ನೆಗಳು ಎದ್ದವು. ಬಳಿಕ ರಾಜ್ಯ ಸರಕಾರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳನ್ನು ಪರಿಶೀಲನೆಗೆ ಒಳಪಡಿಸಿತು. ಇವುಗಳಲ್ಲಿ ಶೇ 70ಕ್ಕೂ ಹೆಚ್ಚು ತಡೆಯಬಹುದಾಗಿದ್ದವು ಎಂಬುದು ಆ ಪರಿಶೀಲನೆಯ ಸಾರ. ಶಸ್ತ್ರಚಿಕಿತ್ಸೆ ಅಗತ್ಯವಿತ್ತೇ ಎಂಬುದು ಮೊದಲ ಪ್ರಶ್ನೆ. ಅದರ ಅನಂತರದ ನಿಗಾ ಸಾಕಷ್ಟಿತ್ತೇ ಎಂಬುದು ಅಷ್ಟೇ ಮುಖ್ಯವಾದ ಎರಡನೆಯ ಪ್ರಶ್ನೆ.

ಮಾರ್ಗಗಳು ದುಬಾರಿಯವಲ್ಲ. ಪ್ರತಿ ಆಸ್ಪತ್ರೆ, ಖಾಸಗಿಯೂ ಸೇರಿದಂತೆ, ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿರುವ ರಾಬ್ಸನ್ ವರ್ಗೀಕರಣದಂತೆ ತನ್ನ ಸಿಸೇರಿಯನ್ ಲೆಕ್ಕ ಪ್ರಕಟಿಸಬಹುದು. ಬೇಗ ಮನೆಗೆ ಮರಳಿದ ತಾಯಿಯನ್ನು ಆಶಾ ಕಾರ್ಯಕರ್ತೆ ಮರುದಿನವೇ ಭೇಟಿಯಾಗುವಂತೆ ನಿಯಮ ತಿದ್ದಬಹುದು. ಜ್ವರ, ಗಾಯದಿಂದ ಕೀವು, ಹೆಚ್ಚಿದ ರಕ್ತಸ್ರಾವ, ಒಂದು ಕಾಲಿನ ಊತ, ಉಸಿರಾಟದ ತೊಂದರೆ, ತೀವ್ರ ತಲೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಬರಬೇಕೆಂಬುದನ್ನು ಬಿಡುಗಡೆಯ ದಿನ ತಾಯಿಗೆ ಮಾತ್ರವಲ್ಲ, ಗಂಡನಿಗೂ ಅತ್ತೆಗೂ ಹೇಳಬಹುದು.

ಯಾವ ಹೆರಿಗೆ ಲೇಸು ಎಂಬ ಚರ್ಚೆ ಸಾಮಾನ್ಯವಾಗಿ ಹೆರಿಗೆ ಕೋಣೆಯ ಬಾಗಿಲಲ್ಲಿಯೇ ಮುಗಿದುಹೋಗುತ್ತದೆ. ಕೊಡ ಯಾರು ಹೊರಬೇಕು, ಒಲೆ ಯಾರು ಹೊತ್ತಿಸಬೇಕು, ಆರು ವಾರದ ಕೂಲಿ ಯಾರು ತುಂಬಿಕೊಡಬೇಕು ಎಂಬುದು ಇತ್ಯರ್ಥವಾಗದ ಮನೆಯಲ್ಲಿ ಎರಡೂ ಬಗೆಯ ಹೆರಿಗೆಗಳು ಕಷ್ಟದವೇ.