ಅಮ್ಮ ಮಾಡಿದ ಪ್ರಾಜೆಕ್ಟು

ಪ್ರಾಜೆಕ್ಟು ಎಂಬ ಮಾತು ಪ್ರಾಥಮಿಕ ಶಾಲೆಗೆ ಕಾಲಿಟ್ಟ ಮೇಲೆ ಮಕ್ಕಳಿಗೆ ವಿಜ್ಞಾನ ಬಂತೋ ಇಲ್ಲವೋ, ತಾಯಂದಿರ ನಿದ್ದೆಯಂತೂ ಹೋಯಿತು. ನಾಳೆ ಮಾಡೆಲ್ ಒಪ್ಪಿಸಬೇಕೆಂದರೆ ಇಂದು ರಾತ್ರಿ ಹನ್ನೊಂದರವರೆಗೆ ಅಮ್ಮ ಥರ್ಮಾಕೋಲ್ ಕತ್ತರಿಸುತ್ತಾಳೆ. ಮಗು ಮಲಗಿರುತ್ತದೆ. ಪುರಸೊತ್ತಿಲ್ಲದವರು ಸಿದ್ಧವಾದ ಜ್ವಾಲಾಮುಖಿಯನ್ನೇ ಅಂಗಡಿಯಿಂದ ತರುತ್ತಾರೆ. ಬಹುಮಾನವೂ ಅದಕ್ಕೇ! ಇದನ್ನು ವಿಜ್ಞಾನವೆಂದು ಕರೆಯಲು ನಾನು ತಯಾರಿಲ್ಲ.

ನಾನು ಪಾಠ ಹೇಳುವುದು ಕಲಬುರಗಿಯ ರೋಜಾ ಭಾಗದಲ್ಲಿ. ಆಟೋ ಓಡಿಸುವವರ, ಮನೆಯಲ್ಲಿ ಹೊಲಿಗೆ ಹಾಕುವವರ ಮಕ್ಕಳು ನಮ್ಮವರು. ಇನ್ನೂರು ರೂಪಾಯಿಯ ಮಾಡೆಲ್ ಕೇಳಿದರೆ ಅಂಥ ಮಗುವಿಗೆ ಮರುದಿನ ಹೊಟ್ಟೆನೋವು ಬರುತ್ತದೆ. ಆ ನೋವಿನ ಕಾರಣ ಯಾವ ಟೀಚರಿಗೆ ಗೊತ್ತಿಲ್ಲ?

ದುಡ್ಡೇ ಬೇಡದ ಪ್ರಯೋಗ ನಮ್ಮ ಕಾಲಡಿಯಲ್ಲೇ ಇದೆ. ಅಡುಗೆಕಟ್ಟೆಯ ಶಹಾಬಾದ್ ಕಲ್ಲಿನ ಮೇಲೆ ನಿಂಬೆರಸ ಬಿದ್ದು ಒಣಗಿದರೆ ಹೊಳಪು ಹೋಗಿ ಬಿಳಿ ಕಲೆ ಉಳಿಯುವುದನ್ನು ನೀವೆಲ್ಲ ಕಂಡವರೇ. ಯಾಕೆ ಎಂದು ಕೇಳಿದ್ದೇವೆಯೇ? ಅದು ಸುಣ್ಣದಕಲ್ಲು. ಹುಳಿ ತಾಗಿದರೆ ಕಲ್ಲು ಕರಗಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಂದು ತುಂಡನ್ನು ಕೆರೆದು, ಆ ಪುಡಿಯ ಮೇಲೆ ನಿಂಬೆರಸ ಹಿಂಡಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. "ಟೀಚರ್, ಕಲ್ಲು ಕುದೀಲಿಕತ್ತದ ನೋಡ್ರಿ!" ಎಂದು ನಾಲ್ಕನೆಯ ತರಗತಿ ಕೂಗುತ್ತದೆ. ಬರೀ ನೀರು ಹಾಕಿದರೆ? ಗ್ರಾನೈಟಿನ ಮೇಲೆ ಹಿಂಡಿದರೆ? ಮೊದಲು ಊಹಿಸಲಿ, ಆಮೇಲೆ ನೋಡಲಿ. ವಾಡಿ, ಶಹಾಬಾದ್‌ಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಏಕೆ ಬಂದವು ಎಂಬ ಪಾಠವೂ ಅದೇ ಕಲ್ಲಿನಿಂದ ಏಳುತ್ತದೆ.

ಗುಂಪು ಚಟುವಟಿಕೆಯೆಂಬ ಹೆಸರಿನಲ್ಲಿ ನಡೆಯುವ ಇನ್ನೊಂದು ಅನ್ಯಾಯವಿದೆ. ಹುಡುಗ ಪ್ರಯೋಗ ಮಾಡುತ್ತಾನೆ. "ನಿನ್ನ ಅಕ್ಷರ ಛಂದ ಅದ" ಎಂದು ಹುಡುಗಿಯ ಕೈಗೆ ಸ್ಕೆಚ್‌ಪೆನ್ ಕೊಡುತ್ತೇವೆ. ಕೊನೆಗೆ ಕಸ ಬಳಿಯುವವಳೂ ಅವಳೇ. ನಾಲ್ವರ ಗುಂಪಿನಲ್ಲಿ ಹಿಂಡುವವರು, ನೋಡುವವರು, ಬರೆಯುವವರು, ಹೇಳುವವರು ಸರದಿಯಂತೆ ಬದಲಾಗಬೇಕು. ಪೊರಕೆಗೂ ಸರದಿ ಇರಲಿ.

ಪಠ್ಯ ಮುಗಿಯುವುದಿಲ್ಲ, ಗದ್ದಲವಾಗುತ್ತದೆ ಎನ್ನುವವರಿದ್ದಾರೆ. ಶಾಲೆಯ ಕಲಿಕೆ ಹೊರಗಿನ ಬದುಕಿಗೆ ಹೊಂದಿಕೊಳ್ಳಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿತು. ನಮ್ಮೂರಿನ ಜಿಲ್ಲಾ ವಿಜ್ಞಾನ ಕೇಂದ್ರ 1984ರಷ್ಟು ಹಿಂದೆಯೇ ಶುರುವಾದದ್ದು. ಅಲ್ಲಿ ಮಕ್ಕಳು ಮುಟ್ಟಿ, ತಿರುಗಿಸಿ ನೋಡುತ್ತಾರೆ. ವರ್ಷಕ್ಕೊಮ್ಮೆ ಅಲ್ಲಿಗೆ ಕರೆದೊಯ್ದು, ಉಳಿದ ದಿನವೆಲ್ಲ ಕೈಕಟ್ಟಿ ಕೂರಿಸುವುದು ಯಾವ ನ್ಯಾಯ? ಗದ್ದಲಕ್ಕೆ ಹೆದರುವವರು ತರಗತಿಯಲ್ಲಿ ಕೇಳಿಸುವ ಮೌನಕ್ಕೆ ಹೆದರಬೇಕು.

ತಾಯಂದಿರೇ, ಕತ್ತರಿ ಕೆಳಗಿಡಿ. ಮುಂದಿನ ಪಾಲಕರ ಸಭೆಯಲ್ಲಿ ಅಂಕ ಕೇಳುವ ಮೊದಲು, "ಈ ತಿಂಗಳು ನನ್ನ ಮಗಳು ತನ್ನ ಕೈಯಾರೆ ಏನು ಮಾಡಿ ನೋಡಿದಳು?" ಎಂದು ಕೇಳಿ. ಮಗು ಮಾಡಿದ್ದು ಸೊಟ್ಟಗಿದ್ದರೆ ಸೊಟ್ಟಗೇ ಇರಲಿ. ಅದು ಅವಳದು.